ಕಂಟ್ರೋಲರ್ ಮಾಯಪ್ಪ ಹೇಳಿದ ಸಮುದ್ರ

ರಾಯಬಾಗ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಮಾಯಪ್ಪನನ್ನು ಕೇಳದೆ ಯಾರೂ ಊರು ಬಿಡುತ್ತಿರಲಿಲ್ಲ. ಬಸ್ಸಿನ ವೇಳೆ ಕೇಳಲು ಬರುವವರು ಕಡಿಮೆ. ಅದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೇ ಇತ್ತು. ಕಿಟಕಿಯ ಜಾಳಿಗೆಗೆ ಮುಖ ಹಚ್ಚಿ ಜನ ಕೇಳುತ್ತಿದ್ದುದು ಬೇರೆ. ಕೊಲ್ಹಾಪುರದಲ್ಲಿ ಎಲ್ಲಿ ಉಂಡರೆ ಎದೆ ಉರಿಯುವುದಿಲ್ಲ, ಹೊಸ ಸಿನಿಮಾಕ್ಕಾಗಿ ಮಿರಜ್ ತನಕ ಹೋಗಬಹುದೋ ಹೇಗೆ, ಬೀಗರನ್ನು ಕರೆದುಕೊಂಡು ಹೋಗುವುದಾದರೆ ಗೋಲಗುಮ್ಮಟ ವಾಸಿಯೋ ಗೋಕಾಕದ ಜಲಪಾತ ವಾಸಿಯೋ. ಮಾಯಪ್ಪ ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿ, ಕನ್ನಡಕ ತೆಗೆದು, ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಹೇಳುತ್ತಿದ್ದ.

“ಗೋಲಗುಮ್ಮಟಕ್ಕ ಮುಂಜಾನೆ ಲಗೂನ ಹೋಗ್ರಿ. ಹತ್ತರ ಮ್ಯಾಲ ಸಾಲಿ ಹುಡುಗೂರು ಬರ್ತಾವು, ನಿಮ್ಮ ದನಿ ನಿಮಗ ಕೇಳೂದಿಲ್ಲ. ಹೊರಗ ಬಂದು ಎಡಕ್ಕ ಹೊಳ್ಳಿದ್ರ ಮೂರನೇ ಖಾನಾವಳಿ. ಬದನಿಕಾಯಿ ಪಲ್ಯ ಬಾಯಿ ಬಿಟ್ಟು ಕೇಳ್ರಿ, ಕೇಳಲಿಲ್ಲಂದ್ರ ನೀಡೂದಿಲ್ಲ.”

ಹೋದವರು ಹಾಗೆಯೇ ಮಾಡುತ್ತಿದ್ದರು. ಬದನೆಕಾಯಿ ಪಲ್ಯ ಹೇಳಿದ ಜಾಗದಲ್ಲೇ ಇರುತ್ತಿತ್ತು. ಬೀಗರು ಸಂತೋಷಪಡುತ್ತಿದ್ದರು.

ಪುಸ್ತಕದ ವಿಷಯದಲ್ಲೂ ಅಷ್ಟೇ. ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಇಳಿದ ಪುಸ್ತಕಗಳು ಮಾಯಪ್ಪನ ಕುರ್ಚಿಯ ಹಿಂದಿನ ತಗಡಿನ ಕಪಾಟಿಗೆ ಬಂದು ಸೇರುತ್ತಿದ್ದವು. ಒಡೆಯರು ವರ್ಷವಾದರೂ ಬಾರದಿದ್ದರೆ ಅವನು ಅವನ್ನು ಊರಿನವರಿಗೆ ಓದಲು ಕೊಡುತ್ತಿದ್ದ, ಯಾವುದು ಒಳ್ಳೆಯದು ಎಂದೂ ಹೇಳುತ್ತಿದ್ದ. ತಾನು ಓದುವ ಗೊಡವೆಗೆ ಹೋಗುತ್ತಿರಲಿಲ್ಲ. ಮರೆತು ಹೋದವನು ಗುರುತಿಗೆಂದು ಬಸ್ಸಿನ ಟಿಕೀಟನ್ನು ಎಷ್ಟನೇ ಪುಟದಲ್ಲಿ ಇಟ್ಟಿದ್ದಾನೆ ಎಂದು ನೋಡುತ್ತಿದ್ದ. ಟಿಕೀಟು ಹತ್ತನೇ ಪುಟದಲ್ಲಿದ್ದರೆ ಆ ಪುಸ್ತಕ ಬೇಡ. ಇನ್ನೂರನೇ ಪುಟದಲ್ಲಿದ್ದರೆ ಧೈರ್ಯವಾಗಿ ಓದಬಹುದು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಓದಿದ ನಿವೃತ್ತ ಮಾಸ್ತರ ಶಾಂತಿನಾಥ ಈ ಗುಟ್ಟು ತಿಳಿಯದೆಯೇ ಹದಿನೆಂಟು ವರ್ಷಗಳಿಂದ ಮಾಯಪ್ಪ ಹೇಳಿದ್ದನ್ನೇ ಓದುತ್ತ ಬಂದಿದ್ದರು. ಒಮ್ಮೆಯೂ ಮೋಸ ಹೋಗಿರಲಿಲ್ಲ.

ಇಂಥ ಮಾಯಪ್ಪ ತನ್ನ ಐವತ್ತೆರಡು ವರ್ಷದ ಬಾಳಿನಲ್ಲಿ ಚಿಕ್ಕೋಡಿ ದಾಟಿ ಆಚೆ ಹೋಗಿರಲಿಲ್ಲ.

ಕಾರಣ ಹೊಟ್ಟೆಯದು. ಬಸ್ಸು ಹತ್ತಿದರೆ ಅವನಿಗೆ ವಾಂತಿಯಾಗುತ್ತಿತ್ತು. ರೈಲು ಹತ್ತಿದರೆ ಕುಡಚಿ ಮುಟ್ಟುವಷ್ಟರಲ್ಲಿ ಅಲ್ಲೂ ಅದೇ ಹಾಡು. ಇಪ್ಪತ್ತಾರು ವರ್ಷದ ಹಿಂದೆ ಅವನು ನೌಕರಿಗೆ ಸೇರಿದ್ದು ಕಂಡಕ್ಟರ್ ಆಗಿ. ಮೊದಲ ದಿನ ಅಥಣಿ ಬಸ್ಸಿನಲ್ಲಿ ಹನ್ನೆರಡು ಟಿಕೀಟು ಹರಿದು ಕೊಟ್ಟ. ಹದಿಮೂರನೆಯದಕ್ಕೆ ಒಬ್ಬ ಗೌರವಸ್ಥರ ಧೋತರ ಹಾಳಾಯಿತು. ಎರಡನೇ ದಿನ ಇನ್ನೊಬ್ಬರದು. ಮೂರನೇ ದಿನ ಸಾಹೇಬರು ಅವನನ್ನು ಅಲ್ಲಾಡದ ಕುರ್ಚಿಯ ಮೇಲೆ, ಅಲ್ಲಾಡದ ಕಿಟಕಿಯ ಹಿಂದೆ ಕೂಡ್ರಿಸಿದರು. ಅಂದಿನಿಂದ ಅವನು ಬಂದಿಳಿದ ಪ್ರಯಾಣಿಕರನ್ನು ಮಾತಾಡಿಸತೊಡಗಿದ. ಎಲ್ಲಿ ಹೋಗಿದ್ದಿರಿ, ಏನು ಉಂಡಿರಿ, ಯಾವ ಕಡೆ ಕೂತಿರಿ. ಊರಿಗೆ ಮರಳಿದ ಮನುಷ್ಯನಿಗೆ ಮನೆ ಮುಟ್ಟುವ ಮೊದಲೇ ಯಾರಿಗಾದರೂ ಹೇಳಬೇಕೆಂಬ ಕಾತರ ಇರುತ್ತದೆ. ಮಾಯಪ್ಪ ಅದನ್ನೆಲ್ಲ ಕೇಳಿ ಇಟ್ಟುಕೊಂಡ.

ಆ ಸಾಹೇಬರು ವರ್ಗವಾಗಿ ಹೋದ ಮೇಲೆ ಅವನ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಆ ಮೊದಲ ದಿನ ಅಥಣಿ ಬಸ್ಸು ಓಡಿಸಿದ್ದ ಡ್ರೈವರ್ ಸಮಾಧಾನ. ಇನ್ನೊಬ್ಬಳು ಹೆಂಡತಿ ಸುಂದರಾ. ಊರಿನ ಮಿಕ್ಕವರಿಗೆ ಅನುಮಾನ ಬರುವಂತೆಯೇ ಇರಲಿಲ್ಲ. ಮೂರು ಹೊತ್ತೂ ಬಸ್ ಸ್ಟ್ಯಾಂಡಿನಲ್ಲಿ ಕಾಣುವ ಮನುಷ್ಯ ಈಗಷ್ಟೇ ಎಲ್ಲಿಂದಲೋ ಬಂದಿರುತ್ತಾನೆ, ಇಲ್ಲವೆ ಎಲ್ಲಿಗೋ ಹೊರಟಿರುತ್ತಾನೆ.

ಸುಂದರಾಳಿಗೆ ಗೊತ್ತಾದ ಬಗೆ ಸ್ವಲ್ಪ ಕಠಿಣ. ಮದುವೆಯಾದ ಐದನೇ ದಿನ ಪದ್ಧತಿಯಂತೆ ಮದುಮಕ್ಕಳಿಬ್ಬರೂ ಕೊಲ್ಹಾಪುರದ ಅಂಬಾಬಾಯಿಯ ಗುಡಿಗೆ ಹೊರಟರು. ಅಲ್ಲಿಂದ ಮುಂದೆ ಕೊಂಕಣಕ್ಕೆ ಕರೆದುಕೊಂಡು ಹೋಗಿ ಸಮುದ್ರ ತೋರಿಸುತ್ತೇನೆ ಎಂದು ಮಾಯಪ್ಪ ಹೆಂಡತಿಗೆ ಮಾತು ಕೊಟ್ಟಿದ್ದ. ಚಿಕ್ಕೋಡಿಯಲ್ಲಿ ಇಳಿದಾಗ ಅವಳ ಹಸಿರು ಇಳಕಲ್ ಸೀರೆ ನೋಡುವಂತಿರಲಿಲ್ಲ. ಅಲ್ಲಿಂದ ಇಬ್ಬರೂ ರಾಯಬಾಗದ ತನಕ ನಡೆದು ಬಂದರು. “ಬರೂ ವರ್ಷ ಸಮುದ್ರ ತೋರಸ್ತೀನಿ” ಎಂದು ಮಾಯಪ್ಪ ದಾರಿಯಲ್ಲಿ ಹೇಳಿದ. ಅದಾಗಿ ಇಪ್ಪತ್ತನಾಲ್ಕು ವರ್ಷ. ಸುಂದರಾ ಮತ್ತೆ ಆ ಮಾತು ಎತ್ತಲಿಲ್ಲ. ದಿನವೂ ಸಂಜೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ, ಇಂದು ಯಾರು ಎಲ್ಲಿಂದ ಬಂದರು, ಏನು ನೋಡಿದರು ಎಂದು ಗಂಡ ಹೇಳಿದ್ದನ್ನು ಕೇಳುತ್ತಿದ್ದಳು. ಸಮುದ್ರದ ಸುದ್ದಿ ಬಂದಾಗ ಮಾತ್ರ ರೊಟ್ಟಿಯ ಸಪ್ಪಳ ಒಂದು ಗಳಿಗೆ ನಿಲ್ಲುತ್ತಿತ್ತು. ಮಾಯಪ್ಪನಿಗೆ ಅದು ಕೇಳಿಸುತ್ತಿತ್ತು, ಕೇಳಿಸಿದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಹೀಗೆ ನಡೆದುಕೊಂಡು ಹೋಗುತ್ತಿದ್ದದ್ದು ಚನ್ನವ್ವ ಕಾಶಿಗೆ ಹೋಗಿ ಬಂದದ್ದರಿಂದ ಕೆಟ್ಟಿತು.

ಚನ್ನವ್ವ ಎಂಬತ್ತೆರಡು ವರ್ಷದ ಮುದುಕಿ. ಇಪ್ಪತ್ತು ಎಕರೆ ಕಬ್ಬು, ನಾಲ್ಕು ಎಕರೆ ದ್ರಾಕ್ಷಿ ಇದ್ದ ಬಾಬಾಸಾಹೇಬನ ತಾಯಿ. ಮಗ ಅವಳನ್ನು ಕಾಶಿಗೆ ಕರೆದೊಯ್ಯುವ ಮೊದಲು ವಾಡಿಕೆಯಂತೆ ಕಿಟಕಿಗೆ ಬಂದು ಕೇಳಿದ್ದ. ಮಾಯಪ್ಪ ಯಾವ ಘಾಟಿನಲ್ಲಿ ಮೆಟ್ಟಿಲು ಜಾರುವುದಿಲ್ಲ, ಯಾವ ಮಠದಲ್ಲಿ ಬಿಸಿನೀರು ಸಿಗುತ್ತದೆ, ಹಲ್ಲಿಲ್ಲದವರು ತಿನ್ನುವಂಥ ಕಚೋರಿ ಯಾವ ಓಣಿಯಲ್ಲಿ ಮಾಡುತ್ತಾರೆ ಎಂದು ವಿವರವಾಗಿ ಹೇಳಿ ಕಳಿಸಿದ್ದ.

ನಮ್ಮ ಕಡೆ ಕಾಶಿಗೆ ಹೋಗಿ ಬಂದವರ ಕಾಲಿಗೆ ಊರು ಬೀಳುತ್ತದೆ. ಹೋಗಿ ಬಂದವರ ಪುಣ್ಯದಲ್ಲಿ ಬಿದ್ದವರಿಗೂ ಒಂದು ಚೂರು ಬರುತ್ತದೆ ಎಂಬ ನಂಬಿಕೆ. ಚನ್ನವ್ವ ಬರುವ ದಿನ ಬಸ್ ಸ್ಟ್ಯಾಂಡಿನಲ್ಲಿ ಹೂವಿನ ಹಾರ ಹಿಡಿದು ಐವತ್ತು ಜನ ನಿಂತಿದ್ದರು. ಗಾಡಿಯಿಂದ ಇಳಿದ ಮುದುಕಿ ಮೊದಲು ಬಂದವನಿಗೆ ಕೋಲು ಅಡ್ಡ ಹಿಡಿದಳು.

“ಸರೀರಿ! ನನ್ನ ಕಾಲಿಗಿ ಆಮ್ಯಾಲ ಬೀಳ್ರಿ. ಮೊದಲ ಆ ಮಾಯಪ್ಪ ಎಲ್ಲದಾನ?”

ಮಾಯಪ್ಪ ಕಿಟಕಿ ಬಿಟ್ಟು ಹೊರಗೆ ಬಂದ.

“ಯಪ್ಪಾ, ನೀ ಹೇಳಿದ ಮೆಟ್ಟಲಾ ಜಾರಲಿಲ್ಲ. ನೀ ಹೇಳಿದ ಕಚೋರಿ ಬೆಣ್ಣಿ ಆಗಿತ್ತು. ಕಣ್ಣ ಮುಚಗೊಂಡ ಕಾಶಿ ತಿರಗೀನಿ. ಖರೆ ಹೇಳು, ಎಷ್ಟ ಸರತಿ ಹೋಗಿ ಬಂದೀಯೋ? ಹತ್ತ ಸರತಿ?”

ಇಲ್ಲಿ ಮಾಯಪ್ಪ “ಒಂದ ಸರತಿನೂ ಇಲ್ಲ, ಆಯಿ” ಎಂದಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಐವತ್ತು ಜನ ಅವನ ಬಾಯಿ ನೋಡುತ್ತಿದ್ದರು. ಅವನು ಕನ್ನಡಕ ತೆಗೆದು ಒರೆಸಿದ.

“ಹಂಗೇನ ಎಣಿಸಿಲ್ಲ, ಆಯಿ” ಎಂದ.

ಚನ್ನವ್ವ ಕೋಲನ್ನು ಮಗನ ಕೈಗೆ ಕೊಟ್ಟು, ಮೊಳಕಾಲೂರಿ, ಹಣೆಯನ್ನು ಮಾಯಪ್ಪನ ಪಾದಕ್ಕೆ ಮುಟ್ಟಿಸಿದಳು. ಕಾಲಿಗೆ ಬಿದ್ದವರಿಗೆ ಏನು ಮಾಡಬೇಕೋ ಅದನ್ನೇ ಅವನ ಕೈ ತಾನಾಗಿ ಮಾಡಿತು. ಮೇಲೆದ್ದು ಅವಳ ತಲೆಯ ಮೇಲೆ ಕೂತಿತು. “ನೂರ ವರ್ಷ ಬಾಳು” ಎಂದು ಅವನ ಬಾಯಿ ಹೇಳಿತು.

ಆಮೇಲೆ ಬಾಬಾಸಾಹೇಬ ಬಿದ್ದ. ಆಮೇಲೆ ಹಾರ ಹಿಡಿದವರೆಲ್ಲ ಬಿದ್ದರು. ಅಂದು ಐನಾಪುರದ ಬಸ್ಸು ಏಳು ನಿಮಿಷ ತಡವಾಗಿ ಬಿಟ್ಟಿತು, ಯಾಕೆಂದರೆ ಕಂಡಕ್ಟರೂ ಸಾಲಿನಲ್ಲಿ ನಿಂತಿದ್ದ. ಆ ತಡವನ್ನು ಮಾಯಪ್ಪನೇ ರಜಿಸ್ಟರಿನಲ್ಲಿ ಬರೆಯಬೇಕಾಯಿತು. ಕಾರಣ ಎಂಬಲ್ಲಿ ಬಹಳ ಹೊತ್ತು ಯೋಚಿಸಿ “ಜನದಟ್ಟಣೆ” ಎಂದು ಬರೆದ.

ವಾರದೊಳಗೆ ಬಾಬಾಸಾಹೇಬ ಬಸ್ ಸ್ಟ್ಯಾಂಡಿನಲ್ಲೇ ಒಂದು ಸಣ್ಣ ಸತ್ಕಾರ ಸಮಾರಂಭ ಇಟ್ಟ. ಮಾಯಪ್ಪನಿಗೆ ಕೇಸರಿ ಫೇಟಾ ಸುತ್ತಿದರು, ಶಾಲು ಹೊದಿಸಿದರು. ಶಾಂತಿನಾಥ ಮಾಸ್ತರರು ಮೂವತ್ತು ನಿಮಿಷ ಮಾತಾಡಿದರು. ದೇಶವನ್ನೆಲ್ಲ ಸುತ್ತಿಯೂ ಮಾಯಪ್ಪನವರಲ್ಲಿ ಅದರ ಜಂಬ ಎಳ್ಳಷ್ಟೂ ಇಲ್ಲ, ಸುತ್ತಿದ್ದೇನೆ ಎಂದು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ ಎಂದರು. ಅದು ಅಕ್ಷರಶಃ ನಿಜವಾಗಿತ್ತು. ಕೊನೆಗೆ ಮಾಸ್ತರರು ಎಲ್ಲರ ಮುಂದೆ ಒಂದು ಪ್ರಶ್ನೆ ಕೇಳಿದರು.

“ಮಾಯಪ್ಪನವರ, ನಾನು ಎಪ್ಪತ್ತು ವರ್ಷಕ್ಕ ಬಂದ್ರೂ ಸಮುದ್ರ ನೋಡಿಲ್ಲ. ಹ್ಯಾಂಗ ನೋಡಬೇಕು, ಹೇಳ್ರಿ.”

ಮಾಯಪ್ಪ ಕಣ್ಣು ಮುಚ್ಚಿದ. “ಗಣಪತಿಪುಳೆಗೆ ಹೋಗ್ರಿ. ಸಂಜೀಮುಂದ ಗುಡಿ ಬೆನ್ನಿಗಿ ಹಾಕ್ಕೊಂಡ ನಿಂದರ್ರಿ. ಚಪ್ಪಲಿ ಕೈಯಾಗ ಹಿಡ್ಕೋರಿ. ಮೂರ ತೆರಿ ಸಣ್ಣವ ಬರ್ತಾವು, ನಾಕನೇದ ದೊಡ್ಡದು. ಅದು ಹೊಳ್ಳಿ ಹೋಗೂಮುಂದ ಕಾಲಾಗಿನ ಉಸಕ ಎಳಕೋತೈತಿ. ಅಂಜಬ್ಯಾಡ್ರಿ, ಅದ ಅದರ ಮಜಾ.”

ಹೆಂಗಸರ ನಡುವೆ ಕೂತಿದ್ದ ಸುಂದರಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಬಾಬಾಸಾಹೇಬ ಎದ್ದು ನಿಂತ. “ಕೇಳೂದ್ಯಾಕ, ನೋಡೇ ಬಿಡೂಣಲ್ಲ! ಬಸ್ಸ ನಂದು. ಬರೂ ಶನಿವಾರ ಐವತ್ತ ಮಂದಿ ಗಣಪತಿಪುಳೆ. ಮುಂದಿನ ಸೀಟಿನ್ಯಾಗ ಮಾಯಪ್ಪಣ್ಣ, ಸುಂದರಾ ವೈನಿ. ಅವರು ಹೆಂಗ ಹೇಳ್ತಾರ ಹಂಗ!”

ಚಪ್ಪಾಳೆ ಬಿದ್ದವು. ಮಾಯಪ್ಪನಿಗೆ ಕೂತ ಕುರ್ಚಿ ಅಥಣಿ ರಸ್ತೆಯ ಮೇಲೆ ಹೋದಂತಾಯಿತು.

ಮನೆಗೆ ಬಂದು ಫೇಟಾವನ್ನು ಗೂಟಕ್ಕೆ ಸಿಕ್ಕಿಸಿ ಅವನು ಹೆಂಡತಿಯ ಮುಂದೆ ಕೂತ.

“ಸುಂದರಾ, ಇದಕ್ಕ ಏನರೆ ಹಾದಿ ಹುಡಕು.”

“ಹಾದಿ ನಿಮಗ ಗೊತ್ತೈತ್ಯಲ್ಲ. ಊರಿಗೆಲ್ಲಾ ಹೇಳ್ತೀರಿ.” ಅವಳು ಶೇಂಗಾ ಹುರಿಯುತ್ತಿದ್ದಳು.

“ಏನ ಮಾಡಾಕತ್ತಿ?”

“ಶೇಂಗಾ ಹೋಳಿಗಿ. ಎರಡ ದಿನದ ಪ್ರವಾಸ ಐತಿ, ಕೆಡೂದಿಲ್ಲ.”

“ಅಂದ್ರ, ನೀ...”

ಸುಂದರಾ ಹುಟ್ಟನ್ನು ಬಾಣಲೆಯ ಅಂಚಿಗೆ ಬಡಿದು ಕೆಳಗಿಟ್ಟಳು. “ಕೇಳ್ರಿ. ಇಪ್ಪತ್ತನಾಕ ವರ್ಷ ನಾ ಒಂದ ಮಾತ ಅಂದಿಲ್ಲ. ಊರ ಮಂದಿ ಎಲ್ಲಾ ನಿಮ್ಮ ಮಾತ ಕೇಳಿ ಸಮುದ್ರ ನೋಡಿ ಬಂದ್ರು, ನಾ ಇಲ್ಲಿ ರೊಟ್ಟಿ ಬಡದೆ. ಈ ಸರತಿ ನಾ ಹೋಗಾಕಿ. ನಿಮಗ ಆಗಲಿಲ್ಲಂದ್ರ ನೀವು ಇಳೀರಿ. ನಾ ಇಳಿಯೂದಿಲ್ಲ.”

ಅವಳು ಅಷ್ಟು ಉದ್ದ ಮಾತಾಡಿದ್ದನ್ನು ಅವನು ಹಿಂದೆ ಕೇಳಿರಲಿಲ್ಲ.

ಒಂದು ಆಸೆ ಉಳಿದಿತ್ತು. ರಜೆ ಸಿಗದಿದ್ದರೆ ಯಾರೂ ಏನೂ ಮಾಡುವಂತಿಲ್ಲ. ನೌಕರಿ ಎಂದ ಮೇಲೆ ನೌಕರಿ. ಮರುದಿನ ಅವನು ಸಾಹೇಬರ ಮುಂದೆ ಎರಡು ದಿನದ ರಜೆ ಅರ್ಜಿ ಇಟ್ಟು, ಕೊಡುವುದು ಕಷ್ಟವಾಗಬಹುದು, ಹಂಗಾಮು ಬೇರೆ, ಇಲ್ಲ ಎಂದರೂ ಬೇಸರವಿಲ್ಲ ಎಂದು ಬಹಳ ವಿನಯದಿಂದ ಹೇಳಿದ. ಸಾಹೇಬರು ಅರ್ಜಿ ಓದಿ ಕುರ್ಚಿಯಿಂದ ಎದ್ದರು.

“ಮಾಯಪ್ಪ, ಇಪ್ಪತ್ತಾರು ವರ್ಷದಾಗ ನಿಮ್ಮ ಮದಿವೀದ ಬಿಟ್ರ ನೀವು ಒಂದ ದಿನ ರಜೆ ಹಾಕಿಲ್ಲ. ನಮಗ ನಾಚಿಕಿ ಆಗಬೇಕು. ಎರಡಲ್ಲ, ಎಂಟ ದಿನ ತಗೋರಿ!” ಅವರು ಎರಡನ್ನು ಹೊಡೆದು ಹಾಕಿ ಎಂಟು ಮಾಡಿ ಸಹಿ ಹಾಕಿದರು. ಆಮೇಲೆ ದನಿ ತಗ್ಗಿಸಿದರು. “ನಮ್ಮ ಮನಿಯವರು ಊಟಿಗೆ ಹೋಗೂಣು ಅಂತಾರ. ಯಾವ ತಿಂಗಳ ಚಲೋ?”

“ಏಪ್ರಿಲ್ ಬ್ಯಾಡ್ರಿ ಸರ್, ಗದ್ದಲ” ಎಂದ ಮಾಯಪ್ಪ ಸತ್ತ ದನಿಯಲ್ಲಿ. “ಅಕ್ಟೋಬರಕ್ಕ ಹೋಗ್ರಿ. ಉಣ್ಣಿ ಟೊಪಗಿ ಇಲ್ಲೇ ತಗೊಂಡ ಹೋಗ್ರಿ.”

ಶನಿವಾರ ಬೆಳಗಿನ ಆರು ಗಂಟೆಗೆ ಗಾಡಿಯ ಮುಂದೆ ತೆಂಗಿನಕಾಯಿ ಒಡೆದರು. ಸ್ಟೇರಿಂಗ್ ಹಿಡಿದಿದ್ದವನು ಸಮಾಧಾನ. ಅವನು ನಿವೃತ್ತನಾಗಿ ಈಗ ಬಾಬಾಸಾಹೇಬನ ಗಾಡಿ ಓಡಿಸುತ್ತಿದ್ದ. ಮಾಯಪ್ಪ ಹತ್ತುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಮಾಧಾನ ತನ್ನ ಹೊಸ ಪ್ಯಾಂಟಿನ ಮೇಲೆ ಒಂದು ಹಳೆಯ ಗೋಣಿಚೀಲ ಹಾಸಿಕೊಂಡ.

ಮಾಯಪ್ಪ ಸಿದ್ಧತೆಯಲ್ಲಿ ಕಡಿಮೆ ಮಾಡಿರಲಿಲ್ಲ. ಅಂಗಿಯ ಒಳಗೆ ಹೊಟ್ಟೆಗೆ ನಾಲ್ಕು ಮಡಿಕೆಯ ಪೇಪರು ಕಟ್ಟಿಕೊಂಡಿದ್ದ. ಒಂದು ಕಿಸೆಯಲ್ಲಿ ಲಿಂಬೆಹಣ್ಣು, ಇನ್ನೊಂದರಲ್ಲಿ ಹಸಿಶುಂಠಿ, ದವಡೆಯಲ್ಲಿ ಹುಣಸೆಹಣ್ಣು. ಡಾಕ್ಟರು ಕೊಟ್ಟ ಗುಳಿಗೆಯನ್ನೂ ನುಂಗಿದ್ದ. ತಲೆಯ ಮೇಲೆ ಫೇಟಾ, ಹೆಗಲ ಮೇಲೆ ಶಾಲು, ಕೊರಳಲ್ಲಿ ಸೇರು ತೂಕದ ಚೆಂಡುಹೂವಿನ ಹಾರ. ಹಾರದ ವಾಸನೆಯೊಂದು ಲೆಕ್ಕಕ್ಕೆ ಸಿಕ್ಕಿರಲಿಲ್ಲ.

“ಮಾಯಪ್ಪಣ್ಣಾ, ಮಾತಾಡ್ರಿ!” ಬಾಬಾಸಾಹೇಬ ಹಿಂದಿನಿಂದ ಕೂಗಿದ. “ಮೊದಲ ಯಾವ ಊರ, ಏನ ವಿಶೇಷ?”

ಮಾಯಪ್ಪ ಬಾಯಿ ತೆರೆಯಲಿಲ್ಲ. ಎರಡು ಬೆರಳು ಎತ್ತಿ ತೋರಿಸಿದ. ಇನ್ನೂ ವೇಳೆ ಇದೆ ಎಂದೋ, ಎರಡು ಊರು ದಾಟಲಿ ಎಂದೋ ಜನ ತಿಳಿದರು. “ಧ್ಯಾನದಾಗದಾರ” ಎಂದು ಶಾಂತಿನಾಥ ಮಾಸ್ತರರು ಎಲ್ಲರನ್ನೂ ಸುಮ್ಮನಿರಿಸಿದರು. ಗಾಡಿ ಎಷ್ಟು ನಿಧಾನ ಹೋಗುತ್ತಿತ್ತು ಎಂದರೆ ಕಬ್ಬಿನ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಸಮಾಧಾನ ಒಂದೊಂದು ತಗ್ಗನ್ನೂ ಕೈಯಿಂದ ಸವರಿದಂತೆ ದಾಟಿಸುತ್ತಿದ್ದ.

ಚಿಕ್ಕೋಡಿ ಬಂತು. ಚಿಕ್ಕೋಡಿ ದಾಟಿತು! ಸುಂದರಾ ಗಂಡನ ಕಡೆ ನೋಡಿದಳು. ಅವನ ಮುಖದ ಬಣ್ಣ ಅವಳ ಆ ಹಸಿರು ಸೀರೆಯದಾಗಿತ್ತು, ಆದರೆ ಅವನು ಕೂತಿದ್ದ. ಮದುವೆಯಾದ ಇಷ್ಟು ವರ್ಷಕ್ಕೆ ಮೊದಲ ಬಾರಿ ಇಬ್ಬರೂ ಚಿಕ್ಕೋಡಿಯ ಆಚೆ ಇದ್ದರು. ಅವಳು ಅವನ ಕೈ ಹಿಡಿದುಕೊಂಡಳು. ಅವನು ಅವಳ ಕೈಯನ್ನು ಜೋರಾಗಿ ಒತ್ತಿದ. ಪ್ರೀತಿ ಎಂದು ಅವಳು ತಿಳಿದಳು. ಸ್ವಲ್ಪ ಅದೂ ಇತ್ತು.

ನಿಪ್ಪಾಣಿ ಎರಡು ಮೈಲಿ ಇರುವಾಗ ಚನ್ನವ್ವ ಮುಂದೆ ಬಾಗಿ, ಮನೆಯಲ್ಲಿ ಕರಿದ ಬೆಳ್ಳುಳ್ಳಿ ಖಾರದ ಚಕ್ಕುಲಿಯನ್ನು ಅವನ ಮೂಗಿನ ಕೆಳಗೆ ಹಿಡಿದಳು.

“ತಿನ್ನೋ ಯಪ್ಪಾ, ಮುಂಜಾನಿಂದ ಏನೂ ತಿಂದಿಲ್ಲ.”

ಮಾಯಪ್ಪ ಸುತ್ತ ನೋಡಿದ. ಎಡಕ್ಕೆ ಹೆಂಡತಿಯ ಹೊಸ ಸೀರೆ, ಬಲಕ್ಕೆ ಸಮಾಧಾನನ ಗೋಣಿಚೀಲ, ಹಿಂದೆ ಎಂಬತ್ತೆರಡರ ಮುದುಕಿ. ಅವನು ತಲೆಯ ಮೇಲಿನ ಸತ್ಕಾರದ ಫೇಟಾ ತೆಗೆದು, ಎರಡೂ ಕೈಯಲ್ಲಿ ಬುಟ್ಟಿಯಂತೆ ಹಿಡಿದು, ಅದರಲ್ಲಿ ಮುಖ ಇಟ್ಟ.

ಅಷ್ಟು ಹೊತ್ತು ತಡೆದದ್ದೆಲ್ಲ ಒಟ್ಟಿಗೆ ಬಂತು. ಫೇಟಾ ಸಾಲದೆ ಶಾಲೂ ಬೇಕಾಯಿತು.

ಗಾಡಿಯನ್ನು ನಿಪ್ಪಾಣಿ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದರು. ಮಾಯಪ್ಪನನ್ನು ಕಟ್ಟೆಯ ಮೇಲೆ ಕೂಡ್ರಿಸಿ ತಲೆಗೆ ನೀರು ತಟ್ಟಿದರು. ಐವತ್ತು ಜನ ಸುತ್ತ ನಿಂತರು. ಚನ್ನವ್ವ ಕೋಲೂರಿ ಮುಂದೆ ಬಂದಳು.

“ಮಾಯಪ್ಪಾ, ನಿಪ್ಪಾಣಿ ಮುಟ್ಟೂದ್ರಾಗ ಹಿಂಗ ಆದ್ರ, ಕಾಶಿಗಿ ಹೆಂಗ ಹ್ವಾದ್ಯೋ?”

ಮಾಯಪ್ಪ ತಲೆ ಎತ್ತಲಿಲ್ಲ.

“ಹೋಗಿಲ್ಲ, ಆಯಿ. ಎಲ್ಲಿಗೂ ಹೋಗಿಲ್ಲ. ಹೋಗಿ ಬಂದವರನ್ನ ಕೇಳಿದ್ದೆ, ಅಷ್ಟ.”

“ಸಮುದ್ರಾ?” ಎಂದರು ಶಾಂತಿನಾಥ ಮಾಸ್ತರರು.

“ಇಲ್ರಿ.”

“ಪುಸ್ತಕಾ?” ಮಾಸ್ತರರು ಒಂದು ಹೆಜ್ಜೆ ಮುಂದೆ ಬಂದರು.

ಮಾಯಪ್ಪ ಟಿಕೀಟಿನ ವಿಷಯ ಹೇಳಿದ. ಮಾಸ್ತರರು ಹದಿನೆಂಟು ವರ್ಷದ ಓದನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು.

ಬಾಬಾಸಾಹೇಬನಿಗೆ ಸಿಟ್ಟು ನೆತ್ತಿಗೇರಿತು. “ನಮ್ಮವ್ವ ನಿಮ್ಮ ಕಾಲಿಗಿ ಬಿದ್ದಾಳ! ಎಂಬತ್ತೆರಡ ವರ್ಷದಾಕಿ! ಮ್ಯಾಲ ಆಶೀರ್ವಾದ ಬ್ಯಾರೆ ಮಾಡೀರಿ!”

“ತಡಿಯೋ” ಎಂದಳು ಚನ್ನವ್ವ. ಅವಳು ಈ ವಿಷಯವನ್ನು ಧರ್ಮದ ಪ್ರಕಾರ ಯೋಚಿಸುತ್ತಿದ್ದಳು. “ನಮಸ್ಕಾರ ಸುಮ್ನ ಹೋಗಬಾರದು. ಮಾಯಪ್ಪಾ, ನಂದು ನನಗ ತಿರಗಿ ಕೊಡು.”

ಮಾಯಪ್ಪ ಎದ್ದ. ಹೊಟ್ಟೆಗೆ ಕಟ್ಟಿದ ಪೇಪರು ಚರಚರ ಅಂದಿತು. ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ನೋಡುತ್ತಿರುವಾಗ ಅವನು ಮುದುಕಿಯ ಕಾಲ ಮೇಲೆ ಹಣೆ ಇಟ್ಟ. ಅವಳು ತಲೆಯ ಮೇಲೆ ಕೈ ಇಟ್ಟಳು. “ಸರಿಹೋತು” ಎಂದಳು. “ಆದರ ಕಚೋರಿ ಖರೆ ಇತ್ತು ನೋಡು.”

ಮುದುಕಿಗೆ ಸರಿಹೋದರೂ ಮಗನಿಗೆ ಹೋಗಲಿಲ್ಲ. “ಸಮಾಧಾನ, ಗಾಡಿ ಹೊಳ್ಳಸು. ಹಾದಿ ತೋರಸಾವನ ಹಾದಿ ಕಂಡಿಲ್ಲ. ಐವತ್ತ ಮಂದಿ ಕಟಗೊಂಡ ಎಲ್ಲಿ ಹೋಗೂದು? ಎಲ್ಲಿ ಉಣ್ಣೂದು, ಎಲ್ಲಿ ಮಲಗೂದು? ನಡೀರಿ ರಾಯಬಾಗಕ್ಕ.”

ಜನ ಗೊಣಗುತ್ತ ಗಾಡಿಯ ಕಡೆ ಹೊರಟರು. ಮಾಯಪ್ಪ ಹೆಂಡತಿಯ ಮುಖ ನೋಡಿದ. ಊರಿನ ಮುಂದೆ ಹೋದ ಮಾನಕ್ಕಿಂತ ಅದನ್ನು ನೋಡುವುದೇ ಅವನಿಗೆ ಹೆಚ್ಚು ಕಷ್ಟವಾಯಿತು. ಚಿಕ್ಕೋಡಿಯಿಂದ ನಡೆದು ಬಂದ ಆ ದಿನದ್ದೇ ಮುಖ ಮತ್ತೆ ಅದು.

ಆಗ ಸುಂದರಾ ಗಾಡಿಯ ಬಾಗಿಲಿಗೆ ಅಡ್ಡ ನಿಂತಳು. ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡಳು.

“ಬಾಬಾಸಾಹೇಬಣ್ಣಾ, ಹಾದಿ ನಾ ಹೇಳ್ತೀನಿ.”

“ನೀವಾ, ವೈನಿ? ನೀವ ಎಂದ ಹೋಗಿದ್ರಿ?”

“ಹೋಗಿಲ್ಲ. ದಿನಾ ಕೇಳೇನಿ.” ಅವಳು ಕಣ್ಣು ಮುಚ್ಚಲಿಲ್ಲ, ನೇರ ನೋಡುತ್ತಲೇ ಹೇಳಿದಳು. “ಕೊಲ್ಹಾಪುರದಾಗ ಊರ ಒಳಗ ಹೋಗಬ್ಯಾಡ್ರಿ, ಹೊರಗಿನ ಹಾದಿ ಹಿಡೀರಿ. ಘಾಟ ಹತ್ತೂ ಮೊದಲ ಎಡಕ್ಕ ಒಂದ ಹುಣಸಿಗಿಡ, ಅದರ ಬುಡಕ ನೀಲಿ ಬಾಗಲದ ಖಾನಾವಳಿ. ಶಾಂತಿನಾಥ ಮಾಸ್ತರಿಗೆ ಅಲ್ಲಿ ಬಳ್ಳೊಳ್ಳಿ, ಉಳ್ಳಾಗಡ್ಡಿ ಇಲ್ಲದ ಊಟ ಮಾಡಿ ಕೊಡ್ತಾರ, ಮೊದಲ ಹೇಳಬೇಕು. ಘಾಟಿನ್ಯಾಗ ಆಯಿನ್ನ ಬಲಕ್ಕ ಕೂಡ್ರಿಸ್ರಿ, ಎಡಕ್ಕ ಕಣಿವಿ ಐತಿ, ತಲಿ ತಿರಗತೈತಿ. ಗಣಪತಿಪುಳೆದಾಗ ಗುಡಿ ಮುಂದಿನ ವಸತಿ ಬ್ಯಾಡ, ಹಿಂದಿನ ಓಣಿಯಾಗ ಒಬ್ಬಾಕಿ ಮುದುಕಿ ಮನಿ ಐತಿ, ಆರ ಖೋಲಿ, ಬಾವಿ ನೀರ ಸೀ ಅದಾವ.”

ಅವಳು ಮಾತು ಮುಗಿಸಿದಳು. ಬಾಬಾಸಾಹೇಬ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಚನ್ನವ್ವ ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಬಲಕ್ಕೆ ಕೂತಳು. ಅಲ್ಲಿಗೆ ತೀರ್ಮಾನವಾಯಿತು.

ಸುಂದರಾ ಹೋಳಿಗೆಯ ಡಬ್ಬಿಯಿಂದ ನಾಲ್ಕು ತೆಗೆದು ಗಂಡನ ಕೈಗೆ ಕೊಟ್ಟಳು. “ನಾ ಇಳಿಯೂದಿಲ್ಲ ಅಂದಿದ್ದೆ” ಎಂದಳು ಮೆಲ್ಲಗೆ.

“ಇಳೀಬ್ಯಾಡ” ಎಂದ ಮಾಯಪ್ಪ. “ಮೂರ ತೆರಿ ಬಿಟ್ಟ ನಾಕನೇದು, ಮರೀಬ್ಯಾಡ.”

ಗಾಡಿ ಹೋಯಿತು. ಈ ಸಲ ಸಮಾಧಾನ ಜೋರಾಗಿ ಓಡಿಸಿದ.

ನಿಪ್ಪಾಣಿಯ ಕಂಟ್ರೋಲರ್ ಭಾವುಸಾಹೇಬ ತನ್ನ ಕಿಟಕಿಯಿಂದ ಇದನ್ನೆಲ್ಲ ನೋಡಿದ್ದ. ಹೊರಗೆ ಬಂದು ಯಾರು, ಎಲ್ಲಿಯವರು ಎಂದು ವಿಚಾರಿಸಿದ. ಹೆಸರು ಕೇಳಿ ಹಿಂದಕ್ಕೆ ಸರಿದ. ಇಬ್ಬರೂ ಇಪ್ಪತ್ತು ವರ್ಷಗಳಿಂದ ದಿನಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತ ಬಂದವರು. ಯಾವ ಗಾಡಿ ತಡ, ಯಾವುದು ಕೆಟ್ಟಿತು ಎಂದು. ಮುಖ ನೋಡಿರಲಿಲ್ಲ.

“ರಾಯಬಾಗ ಮಾಯಪ್ಪ ಅಂದ್ರ ನೀವಾ? ನಾ ಎತ್ತರ ಇರಬೇಕ ಅನಕೊಂಡಿದ್ದೆ.”

ಅವನು ಮಾಯಪ್ಪನನ್ನು ಮನೆಗೆ ಕರೆದೊಯ್ದು ಗಂಜಿ ಕುಡಿಸಿದ. ಮರುದಿನ ಮಾಯಪ್ಪ ಸುಮ್ಮನೆ ಕೂಡಲಾರದೆ ನಿಪ್ಪಾಣಿಯ ಕಿಟಕಿಯ ಹಿಂದೆ ಒಂದು ಸ್ಟೂಲಿನ ಮೇಲೆ ಕೂತ. ಮಧ್ಯಾಹ್ನ ಹೊಸದಾಗಿ ಮದುವೆಯಾದ ಗಂಡ ಹೆಂಡಿರಿಬ್ಬರು ಬಂದು, ಸಮುದ್ರ ನೋಡಲು ಎಲ್ಲಿಗೆ ಹೋದರೆ ಒಳ್ಳೆಯದು ಎಂದು ಕೇಳಿದರು. ಭಾವುಸಾಹೇಬ ಅವನ ಕಡೆ ಕೈ ತೋರಿಸಿದ. ಮಾಯಪ್ಪ ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ.

“ನಾ ನೋಡಿಲ್ರಿ” ಎಂದ. “ನಮ್ಮಾಕಿ ನೋಡಾಕ ಹೋಗ್ಯಾಳ. ಸಂಜೀಕ ಬರ್ತಾಳ. ನಿಮಗ ಗಡಿಬಿಡಿ ಇಲ್ಲಂದ್ರ ಕೂಡ್ರಿ.”

ಅವರಿಗೆ ಗಡಿಬಿಡಿ ಇತ್ತು. ಹೊರಟುಹೋದರು.

ಸಂಜೆ ಐದೂವರೆಗೆ ಗಾಡಿ ಬಂದು ನಿಂತಿತು. ಬಾಬಾಸಾಹೇಬ ಇಳಿದು ಮಾಯಪ್ಪನ ಭುಜ ತಟ್ಟಿ ಚಹಾ ಅಂಗಡಿಗೆ ಹೋದ. ಅವನ ಸಿಟ್ಟು ನೀಲಿ ಬಾಗಿಲಿನ ಖಾನಾವಳಿಯಲ್ಲೇ ಇಳಿದಿತ್ತು. ಎಲ್ಲರ ಮುಖ ಬಿಸಿಲಿಗೆ ಕಪ್ಪಾಗಿತ್ತು. ಜನ “ವೈನಿ, ವೈನಿ” ಎನ್ನುತ್ತ ಸುಂದರಾಳ ಹಿಂದೆಯೇ ಇಳಿದರು. ಅವಳ ಸೀರೆಯ ಅಂಚು ಮೊಣಕಾಲಿನ ತನಕ ಉಪ್ಪು ಹಿಡಿದು ಬಿರುಸಾಗಿತ್ತು.

ಅವಳು ಚೀಲದಿಂದ ಒಂದು ನೀರಿನ ಬಾಟಲಿ ತೆಗೆದಳು. ಕಾಶಿಗೆ ಹೋಗಲಾರದವರಿಗೆ ಹೋಗಿ ಬಂದವರು ಗಂಗೆ ತಂದು ಕೊಡುವಂತೆ, ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ಸುರಿದು ಅವನ ಅಂಗೈಗೆ ಹಾಕಿದಳು. “ತಗೋರಿ.”

ಮಾಯಪ್ಪ ಕುಡಿದ. ಮುಖ ಕಿವುಚಿತು.

“ಉಪ್ಪು.”

“ಹೌದಲ್ಲ, ನೀವ ಹೇಳಿದಂಗ. ಎಲ್ಲಾ ನೀವ ಹೇಳಿದಂಗ ಇತ್ತು. ಹುಣಸಿಗಿಡ, ಬಾವಿ ನೀರ, ಎಲ್ಲಾ. ನಾಕನೇ ತೆರಿ ಅಂದಿದ್ರಿ, ಅದೊಂದ ತಪ್ಪು. ನಾ ಎಣಿಸಿ ನೋಡೀನಿ, ಆರನೇದು.”

“ಆರನೇದು” ಎಂದು ಮಾಯಪ್ಪ ನೆನಪಿಗೆ ಹಾಕಿಕೊಂಡ.

“ಮತ್ತೊಂದು. ಅದನ್ನ ನೀವ ಹೇಳೇ ಇರಲಿಲ್ಲ.” ಸುಂದರಾ ಬಾಟಲಿಗೆ ಮುಚ್ಚಳ ತಿರುಗಿಸಿದಳು, ಬಹಳ ಹೊತ್ತು ತಿರುಗಿಸಿದಳು. “ಅಲ್ಲಿ ನಿಂತಾಗ, ಆಕಾಶ ಕೆಂಪ ಆಗೂಮುಂದ, ಬಾಜೂಕ ಒಬ್ಬರು ಇರಬೇಕ ಅನಸ್ತೈತಿ. ಐವತ್ತ ಮಂದಿ ಇದ್ರು. ಅವರಲ್ಲ.”

ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಜನ ಸಮುದ್ರ ನೋಡಿ ಬಂದು ಅವನ ಕಿಟಕಿಯಲ್ಲಿ ಮಾತಾಡಿದ್ದರು. ಒಬ್ಬರೂ ಇದನ್ನು ಹೇಳಿರಲಿಲ್ಲ. ಮಾಯಪ್ಪ ಕನ್ನಡಕ ತೆಗೆದು ಒರೆಸತೊಡಗಿದ, ಈ ಸಲ ಕನ್ನಡಕ ನಿಜವಾಗಿಯೂ ಒದ್ದೆಯಾಗಿತ್ತು.

ಅಂದು ಅವನು ಅದೇ ಗಾಡಿಯಲ್ಲಿ ಅವಳ ಪಕ್ಕದಲ್ಲಿ ಕೂತು ಮರಳಿದ. ಅವಳು ಸಮುದ್ರದ ಮಾತು ಹೇಳುತ್ತ ಹೋದಳು, ಅವನು ಕೇಳುತ್ತ ಹೋದ. ಅದರಿಂದ ಅವನ ವಾಂತಿ ನಿಂತಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಚಿಕ್ಕೋಡಿಯ ಹತ್ತಿರ ಮತ್ತೆ ಆಯಿತು. ಸುಂದರಾ ಚೀಲ ತಯಾರು ಇಟ್ಟುಕೊಂಡಿದ್ದಳು.

ಸೋಮವಾರ ಬೆಳಿಗ್ಗೆ ಇನ್ನೂ ಆರು ದಿನ ರಜೆ ಇದ್ದರೂ ಅವನು ಕಿಟಕಿಗೆ ಹೋಗಿ ಕೂತ. ಜನ ಬರುವುದಿಲ್ಲ ಎಂದುಕೊಂಡಿದ್ದ. ಬಂದರು. ಶಾಂತಿನಾಥ ಮಾಸ್ತರರು ಮೊದಲು ಬಂದು, ದನಿ ತಗ್ಗಿಸಿ, ಇನ್ನೂರೈವತ್ತನೇ ಪುಟದಲ್ಲಿ ಟಿಕೀಟು ಇರುವಂಥದ್ದು ಯಾವುದಾದರೂ ಇದೆಯೇ ಎಂದು ಕೇಳಿದರು. ಅವರ ಹಿಂದೆ ಕಾಗವಾಡದ ಕಡೆಯ ಒಬ್ಬ ರೈತ ನಿಂತಿದ್ದ. ಹೆಂಡತಿ ಮಕ್ಕಳನ್ನು ಗಣಪತಿಪುಳೆಗೆ ಕಳಿಸಬೇಕೆಂದಿದ್ದ, ತನಗೆ ದ್ರಾಕ್ಷಿ ಕೆಲಸ.

“ನೀವೂ ಹೋಗ್ರಿ” ಎಂದ ಮಾಯಪ್ಪ. “ಅವರನ್ನಷ್ಟ ಕಳಸಬ್ಯಾಡ್ರಿ. ಆರನೇ ತೆರಿ ಬರೂಮುಂದ ಬಾಜೂಕ ನಿಂದರ್ರಿ.”

“ನೀವ ಹೋಗಿ ಬಂದೀರೇನ್ರಿ?”

ಮಾಯಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ.

“ನಿಪ್ಪಾಣಿ ತನಕ ಹೋಗೇನಿ” ಎಂದ. “ಅದರ ಮುಂದಿಂದು ನಮ್ಮಾಕಿನ್ನ ಕೇಳ್ರಿ.”